ಕಲ್ಲು ಜಾರಬೇಕು, ಬೀಳಬಾರದು

ಟಂಬ್ಲರ್ ಎಂದೊಡನೆ ನಮಗೆ ನೆನಪಾಗುವುದು ನೀರು ಕುಡಿಯುವ ಲೋಟ. ಆದರೆ ‘ರಾಕ್ ಟಂಬ್ಲರ್’ ಎಂಬುದು ಒರಟು ಕಲ್ಲುಗಳನ್ನು ಉರುಳಿಸಿ ನುಣುಪು ಮಾಡುವ ಪುಟ್ಟ ಯಂತ್ರ. ಎರಡು ಸರಳುಗಳ ಮೇಲೆ ಅಡ್ಡಲಾಗಿ ಮಲಗಿದ ರಬ್ಬರ್ ಬ್ಯಾರೆಲ್ಲನ್ನು ಮೋಟಾರು ಹಗಲಿರುಳೂ ನಿಧಾನವಾಗಿ ತಿರುಗಿಸುತ್ತದೆ. ಹೊಳೆಯ ನೀರು ಎಷ್ಟೋ ಕಾಲ ಹಿಡಿದು ಮಾಡುವ ಕೆಲಸ ಇಲ್ಲಿ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ.

ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಬಂಧುಗಳ ಮನೆಗೆ ಹೋಗಿದ್ದಾಗ ಎಂಟನೆಯ ತರಗತಿಯ ಹುಡುಗನೊಬ್ಬ ಇಂಥ ಯಂತ್ರವನ್ನು ತೋರಿಸಿದ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಅವರಪ್ಪ ತರಿಸಿಕೊಟ್ಟಿದ್ದರು. ಹತ್ತು ದಿನ ತಿರುಗಿಸಿ ಹೊರತೆಗೆದ ಕಲ್ಲುಗಳ ಅಂಚೆಲ್ಲ ಚಕ್ಕೆ ಎದ್ದು ಬಿಳಿಚಿಕೊಂಡಿತ್ತು. “ಕಲ್ಲೇ ಚಲೋ ಇಲ್ಲ ಮಾಮ” ಎಂದು ಮುಖ ಸಣ್ಣಗೆ ಮಾಡಿದ. ಕಲ್ಲಿನ ತಪ್ಪಲ್ಲ. ಯಂತ್ರಕ್ಕೆ ಭಾರವಾದೀತೆಂದು ಬ್ಯಾರೆಲ್ಲಿನ ಕಾಲು ಭಾಗದಷ್ಟು ಮಾತ್ರ ಕಲ್ಲು ತುಂಬಿದ್ದ.

ಕಡಿಮೆ ತುಂಬಿದರೆ ಕೆಡುವುದೇಕೆ? ಬ್ಯಾರೆಲ್ ತಿರುಗುವಾಗ ಅದರ ಗೋಡೆ ಕಲ್ಲುಗಳನ್ನು ಮೇಲಕ್ಕೆ ಒಯ್ಯುತ್ತದೆ. ಸಾಕಷ್ಟು ತುಂಬಿದ್ದರೆ ಮೇಲಿನ ಪದರದ ಕಲ್ಲುಗಳು ಮರಳಿನ ದಿಬ್ಬ ಕುಸಿದಂತೆ ಒಂದರ ಮೇಲೊಂದು ಜಾರಿ ಇಳಿಯುತ್ತವೆ. ನಡುವೆ ಸಿಕ್ಕ ಸಾಣೆಪುಡಿ ಎರಡನ್ನೂ ಸವೆಸುತ್ತದೆ. ಒಳಗೆ ಬಯಲೇ ಹೆಚ್ಚಾದರೆ ಕಲ್ಲು ಜಾರುವುದಿಲ್ಲ, ಮೇಲಿನಿಂದ ಧೊಪ್ಪನೆ ಬಿದ್ದು ಕೆಳಗಿನ ಕಲ್ಲಿಗೆ ಪೆಟ್ಟು ಕೊಡುತ್ತದೆ. ಅದಿರು ಪುಡಿ ಮಾಡುವ ಬಾಲ್ ಮಿಲ್ ಎಂಬ ಭಾರೀ ಉರುಳೆಯಲ್ಲಿ ಬೇಕಾದದ್ದು ಈ ಪೆಟ್ಟೇ. ಅದಕ್ಕೆಂದೇ ಅಲ್ಲಿ ಉಕ್ಕಿನ ಗುಂಡುಗಳನ್ನು ಅರ್ಧಕ್ಕಿಂತ ಕಡಿಮೆ ಹಾಕಿ ಉಳಿದದ್ದನ್ನು ಖಾಲಿ ಬಿಡುತ್ತಾರೆ. ನಮ್ಮ ಹುಡುಗ ಅರಿಯದೆ ಮಾಡಿಕೊಂಡಿದ್ದು ಒಂದು ಪುಟ್ಟ ಬಾಲ್ ಮಿಲ್ಲನ್ನು!

ಹಾಗೆಂದು ಕಂಠದವರೆಗೆ ತುಂಬಿದರೂ ಕೆಲಸ ಆಗದು. ಜಾರಲು ಜಾಗವಿಲ್ಲದೆ ಕಲ್ಲುಗಳೆಲ್ಲ ಒಂದೇ ಮುದ್ದೆಯಾಗಿ ಬ್ಯಾರೆಲ್ಲಿನ ಜೊತೆ ಸುತ್ತುತ್ತವೆ. ಮೂರರಲ್ಲಿ ಎರಡು ಪಾಲಿನಿಂದ ನಾಲ್ಕರಲ್ಲಿ ಮೂರು ಪಾಲಿನವರೆಗೆ ಕಲ್ಲು ಇರಬೇಕು, ಅಷ್ಟೆ. ಎಲ್ಲವೂ ಒಂದೇ ಗಾತ್ರದ್ದೂ ಆಗಬಾರದು. ಮೂರು ಪೌಂಡಿನ, ಅಂದರೆ ಸುಮಾರು 1.4 ಕಿಲೋ ಹಿಡಿಯುವ ಬ್ಯಾರೆಲ್ಲಿಗೆ ನಾಲ್ಕು ಸೆಂಟಿಮೀಟರಿನ ಒಂದೆರಡು ಕಲ್ಲು ಸಾಕು. ಉಳಿದವು ಚಿಕ್ಕವಿರಲಿ, ಒಂದು ಹಿಡಿ ಕಡಲೆಕಾಳಿನಷ್ಟು ಸಣ್ಣವೂ ಇರಲಿ. ದೊಡ್ಡ ಕಲ್ಲಿನ ಸಂದುಗಳಿಗೆ ಸಾಣೆಪುಡಿಯನ್ನು ಒಯ್ಯುವವು ಇವೇ.

ಯಾವ ಕಲ್ಲು? ಬಳ್ಳಾರಿ ಸೀಮೆಯಲ್ಲಿ ಕಲ್ಲಿಗೇನು ಬರವೇ! ಆದರೆ ಗ್ರಾನೈಟಿನಲ್ಲಿರುವ ಅಭ್ರಕ ಕಿತ್ತು ಬಂದು ಮೈಯೆಲ್ಲ ಕುಳಿ ಬೀಳುತ್ತದೆ. ಸಂಡೂರಿನ ಗುಡ್ಡಗಳ ಕೆಂಪು ಪಟ್ಟೆಯ ಜಾಸ್ಪರ್ ನೋಡಲು ಚೆಂದ, ಆದರೆ ಅದರೊಳಗಿನ ಕಬ್ಬಿಣದ ಅದಿರಿನ ಪಟ್ಟೆ ಬೇಗ ಸವೆಯುತ್ತದೆ. ಹೊಸಬರಿಗೆ ಬಿರುಕಿಲ್ಲದ ಬೆಣಚುಕಲ್ಲೇ ವಾಸಿ. 1812ರಲ್ಲಿ ಮೋಸ್ ಎಂಬ ವಿಜ್ಞಾನಿ ರೂಪಿಸಿದ ಗಡಸುತನದ ಮಾಪನದಲ್ಲಿ ಅದಕ್ಕೆ 7ನೆಯ ಸ್ಥಾನ. 3ನೆಯ ಸ್ಥಾನದ ಸುಣ್ಣಕಲ್ಲನ್ನು ಅದರೊಡನೆ ಹಾಕಿದಿರೋ, ವಾರ ಕಳೆಯುವುದರೊಳಗೆ ಸುಣ್ಣಕಲ್ಲು ಕೆಸರಾಗಿರುತ್ತದೆ.

ಕಲ್ಲನ್ನು ಕಲ್ಲಿನಿಂದಲೇ ತೀಡುವ ವಿದ್ಯೆ ಈ ನೆಲಕ್ಕೆ ಹೊಸತೂ ಅಲ್ಲ. ಇದೇ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ನಡೆದ ಉತ್ಖನನ ನವಶಿಲಾಯುಗದ ಜನರ ನೆಲೆಯನ್ನು ಬೆಳಕಿಗೆ ತಂದಿತು. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ ಅವರು ಕಪ್ಪು ಡಾಲರೈಟ್ ಶಿಲೆಯ ಕೊಡಲಿಗಳನ್ನು ತೀಡಿ ತೀಡಿ ಬಂಡೆಗಳಲ್ಲೇ ಹಳ್ಳ ಬಿದ್ದಿದೆ. ಅವರ ಬಳಿ ಮೋಟಾರು ಇರಲಿಲ್ಲ.

ಕಲ್ಲಾಯಿತು, ಇನ್ನು ಪುಡಿ ಮತ್ತು ನೀರು. ಮೊದಲ ವಾರಕ್ಕೆ ದಪ್ಪ ಸಿಲಿಕಾನ್ ಕಾರ್ಬೈಡ್ ಪುಡಿ, ಮೇಲೆ ಹೇಳಿದ ಬ್ಯಾರೆಲ್ಲಿಗೆ ನಾಲ್ಕು ದೊಡ್ಡ ಚಮಚ. ನೀರು ಮೇಲಿನ ಸಾಲಿನ ಕಲ್ಲುಗಳ ಬುಡ ಮುಟ್ಟಿದರೆ ಸಾಕು, ಅವು ಮುಳುಗಬಾರದು. ನೀರು ಹೆಚ್ಚಾದರೆ ಪುಡಿ ಕಲ್ಲಿಗೆ ಅಂಟದೆ ತಳ ಸೇರುತ್ತದೆ. ಆಮೇಲೆ ನಯವಾದ ಪುಡಿ, ಇನ್ನೂ ನಯವಾದದ್ದು, ಕೊನೆಗೆ ಹೊಳಪಿನ ಪುಡಿ. ಪ್ರತಿ ಸಲವೂ ಕಲ್ಲು, ಬ್ಯಾರೆಲ್, ಮುಚ್ಚಳ ಎಲ್ಲವನ್ನೂ ತಿಕ್ಕಿ ತೊಳೆಯಬೇಕು. ದಪ್ಪ ಪುಡಿಯ ನಾಲ್ಕು ಕಣ ಉಳಿದರೂ ಹೊಳಪು ಹಾಳು. ಮೊದಲ ವಾರದಲ್ಲೇ ಕಲ್ಲು ಸಾಕಷ್ಟು ಸವೆದು ಬ್ಯಾರೆಲ್ ತಗ್ಗಿರುತ್ತದೆ. ಆ ಜಾಗಕ್ಕೆ ಹಸಿ ಕಲ್ಲು ಹಾಕಬೇಡಿ, ಪಿಂಗಾಣಿ ಇಲ್ಲವೆ ಪ್ಲಾಸ್ಟಿಕ್ಕಿನ ಚೂರು ತುಂಬಿ.

ತಂದೆ–ತಾಯಿಗಳಿಗೆ ಎರಡು ಮಾತು. ಬ್ಯಾರೆಲ್ಲಿನಲ್ಲಿ ಒಮ್ಮೊಮ್ಮೆ ಅನಿಲ ತುಂಬುವುದುಂಟು, ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಲು ಹೇಳಿ. ತೊಳೆದ ಕೆಸರನ್ನು ಬಚ್ಚಲಿಗೆ ಸುರಿದರೆ ಕೊಳವೆಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಹಿತ್ತಲಿನ ಗುಂಡಿಗೆ ಹಾಕಿಸಿ. ಕಲ್ಲು ಒಡೆಯುವಾಗ ಕಣ್ಣಿಗೆ ಕನ್ನಡಕವಿರಲಿ, ಅದರ ಒಣ ಧೂಳು ಮೂಗಿಗೆ ಹೋಗದಿರಲಿ.

ಕರೂರಿನ ಹುಡುಗ ಹಗರಿ ಹೊಳೆಯ ಬೆಣಚುಕಲ್ಲು ಆರಿಸಿ ತಂದು ಮತ್ತೆ ತುಂಬಿದ. ವ್ಯತ್ಯಾಸವನ್ನು ಮೊದಲು ಗುರುತಿಸಿದ್ದು ಅವನ ತಾಯಿ. ರಾತ್ರಿಯೆಲ್ಲ ಕಟಕಟ ಎನ್ನುತ್ತಿದ್ದ ಯಂತ್ರ ಈಗ ಅಕ್ಕಿ ಕೇರಿದಂತೆ ಸರಸರ ಎನ್ನುತ್ತಿದೆಯಂತೆ.