ಲೆಕ್ಕಕ್ಕೆ ಬಂದ ದಿನ

(ಮೇ 14: ಪ್ರೇಷಿತ ಸಂತ ಮತ್ತೀಯರ ಹಬ್ಬದ ಚಿಂತನೆ)



2025ರ ಫೆಬ್ರವರಿಯ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಹನಕೆರೆಯ ತಾಯಿಯೊಬ್ಬರು ನನ್ನ ಬಳಿಗೆ ಬಂದರು. ಅವರ ಪತಿ ತೀರಿಕೊಂಡು ವರ್ಷ ತುಂಬುತ್ತಿತ್ತು. "ಸ್ವಾಮಿ, ನಮ್ಮನೆಯವ್ರು ಹೋಗಿದ್ದು ಫೆಬ್ರವರಿ ಇಪ್ಪತ್ತೊಂಬತ್ತು, ರಾತ್ರಿ ಎಂಟು ಗಂಟೆಗೆ. ಈ ವರ್ಷ ಕ್ಯಾಲೆಂಡರಲ್ಲಿ ಆ ತಾರೀಖೇ ಇಲ್ಲ. ವರ್ಷದ ಪೂಜೆ ಯಾವತ್ತು ಇಡಿಸಲಿ?" ಎಂದು ಕೇಳಿದರು. ನಾನು ಹೆಚ್ಚು ಯೋಚಿಸದೆ, "28ಕ್ಕೆ ಇಡಿಸಿಯಮ್ಮ" ಎಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "28ನೇ ತಾರೀಖು ಅವರು ಇದ್ರಲ್ಲ ಸ್ವಾಮಿ. ಕಬ್ಬಿನ ಗದ್ದೆಗೆ ಹೋಗಿ ಬಂದು ನನ್ನ ಕೈಲಿ ಬಡಿಸ್ಕೊಂಡು ಊಟ ಮಾಡಿದ್ರು" ಎಂದರು.

ನನಗೆ ಉತ್ತರ ತೋಚಲಿಲ್ಲ. ನೆಂಟರೊಬ್ಬರು ನಾಲ್ಕು ವರ್ಷಕ್ಕೊಮ್ಮೆ ಪೂಜೆ ಇಡಿಸಿದರೆ ಸಾಕು ಎಂದಿದ್ದರಂತೆ. ಇನ್ನೊಬ್ಬರು ಇಲ್ಲದ ತಾರೀಖಿನ ಸಾವು ಮನೆಗೆ ಒಳ್ಳೆಯದಲ್ಲ ಎಂದಿದ್ದರಂತೆ. ಆ ತಾಯಿಯ ಸಂಕಟ ತಾರೀಖಿಗೆ ಸಂಬಂಧಿಸಿದ್ದಾಗಿರಲಿಲ್ಲ. ತನ್ನ ಗಂಡ ಲೆಕ್ಕದಿಂದಲೇ ಬಿಟ್ಟುಹೋದರೇನೋ ಎಂಬ ಸಂಕಟ ಅದಾಗಿತ್ತು. ಹಾಗಾದರೆ ಈ 29ನೇ ತಾರೀಖು ಬರುವುದು ಎಲ್ಲಿಂದ?

ಆ ದಿನ ಬಂದದ್ದು ಎಲ್ಲಿಂದ?

ಭೂಮಿ ಸೂರ್ಯನನ್ನು ಒಂದು ಸುತ್ತು ಬಂದು ಋತುಗಳು ಮರಳಲು ಸರಿಯಾಗಿ 365 ದಿನ ಸಾಲದು. ಇನ್ನೂ 5 ಗಂಟೆ 49 ನಿಮಿಷದಷ್ಟು ಬೇಕು. ಡಿಸೆಂಬರ್ 31ರ ರಾತ್ರಿ ನಾವು ವರ್ಷವನ್ನು ಮುಗಿಸುವಾಗ ಈ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ವರ್ಷಕ್ಕೆ ಅವು ಕೂಡಿ ಹೆಚ್ಚುಕಡಿಮೆ ಒಂದು ದಿನವಾಗುತ್ತದೆ. ಆ ದಿನವೇ ಫೆಬ್ರವರಿ 29. ಅದು ಎಲ್ಲಿಂದಲೋ ಬಂದು ಸೇರಿದ ದಿನವಲ್ಲ. ನಾವು ಈಗಾಗಲೇ ಬಾಳಿದ, ಆದರೆ ಎಣಿಸದೆ ಬಿಟ್ಟ ಗಂಟೆಗಳೇ ಅಂದು ಲೆಕ್ಕಕ್ಕೆ ಬರುತ್ತವೆ.

ಆ ತಾಯಿಯ ಪ್ರಶ್ನೆಗೆ ಇದೇ ಲೆಕ್ಕ ಉತ್ತರ ಕೊಡುತ್ತದೆ. 2024ರ ಫೆಬ್ರವರಿ 29ರ ರಾತ್ರಿ 8 ಗಂಟೆಯಿಂದ ಒಂದು ಪೂರ್ಣ ವರ್ಷ ಎಣಿಸಿದರೆ ನಾವು ಬಂದು ನಿಲ್ಲುವುದು 2025ರ ಮಾರ್ಚ್ 1ರ ಬೆಳಗಿನ ಜಾವ 1 ಗಂಟೆ 49 ನಿಮಿಷಕ್ಕೆ. 2026ರಲ್ಲಿ ಅದು ಮಾರ್ಚ್ 1ರ ಬೆಳಿಗ್ಗೆ, 2027ರಲ್ಲಿ ಮಾರ್ಚ್ 1ರ ಮಧ್ಯಾಹ್ನ. 2028ರಲ್ಲಿ ಮತ್ತೆ ಫೆಬ್ರವರಿ 29ರ ರಾತ್ರಿ, 7 ಗಂಟೆ 15 ನಿಮಿಷಕ್ಕೆ. ತಾಯಿಯ ಮನಸ್ಸು ಹೇಳಿದ್ದೇ ಸರಿ. 28 ಅವರ ಯಜಮಾನರ ದಿನವಾಗಿರಲಿಲ್ಲ.

ಹನ್ನೊಂದು ನಿಮಿಷದ ತಪ್ಪು

2028ರಲ್ಲಿ 8 ಗಂಟೆಯ ಬದಲು 7.15 ಆಯಿತಲ್ಲ, ಆ 45 ನಿಮಿಷಗಳ ಹಿಂದೆ ಒಂದು ದೊಡ್ಡ ಕಥೆಯಿದೆ. ಕ್ರಿಸ್ತಪೂರ್ವ 45ರಲ್ಲಿ ಜೂಲಿಯಸ್ ಸೀಸರ್ ಜಾರಿಗೆ ತಂದ ಕ್ಯಾಲೆಂಡರ್ ವರ್ಷಕ್ಕೆ 365 ದಿನ 6 ಗಂಟೆ ಎಂದು ಹಿಡಿದಿತ್ತು. ನಿಜವಾದ ವರ್ಷಕ್ಕಿಂತ ಅದು 11 ನಿಮಿಷ ಹೆಚ್ಚು. ಹನ್ನೊಂದು ನಿಮಿಷ ಏನು ಮಹಾ ಎನ್ನಬಹುದು. ಆಲೆಮನೆಯ ತಕ್ಕಡಿ ಪ್ರತಿ ತೂಕದಲ್ಲೂ ಚಿಟಿಕೆಯಷ್ಟು ತಪ್ಪಿದರೆ ಆ ದಿನ ಯಾರ ಕಣ್ಣಿಗೂ ಬೀಳದು. ವರ್ಷದ ಕೊನೆಗೆ ಮೂಟೆಗಳ ಲೆಕ್ಕವೇ ತಪ್ಪುತ್ತದೆ. ಇಲ್ಲಿಯೂ ಹಾಗೆಯೇ ಸುಮಾರು 128 ವರ್ಷಕ್ಕೆ ಒಂದು ದಿನ ಜಾರುತ್ತಾ ಹೋಯಿತು.

ಇದು ನಮ್ಮ ವಿಶ್ವಾಸಕ್ಕೂ ತಟ್ಟಿತು. ವಸಂತದಲ್ಲಿ ಹಗಲು ರಾತ್ರಿ ಸಮನಾದ ಮೇಲೆ ಬರುವ ಹುಣ್ಣಿಮೆಯ ನಂತರದ ಭಾನುವಾರವೇ ಪಾಸ್ಖ ಹಬ್ಬ. ಕ್ರಿ.ಶ. 325ರ ನಿಸಿಯಾ ಮಹಾಸಭೆಯ ಕಾಲದಲ್ಲಿ ಹಗಲು ರಾತ್ರಿ ಸಮನಾಗುವ ದಿನ ಮಾರ್ಚ್ 21ರ ಸುಮಾರಿಗೆ ಬರುತ್ತಿತ್ತು. 16ನೇ ಶತಮಾನದ ಹೊತ್ತಿಗೆ ಅದು ಮಾರ್ಚ್ 11ಕ್ಕೆ ಸರಿದಿತ್ತು. ಹೀಗೆಯೇ ಬಿಟ್ಟಿದ್ದರೆ ಪುನರುತ್ಥಾನದ ಹಬ್ಬ ವಸಂತವನ್ನೇ ಬಿಟ್ಟು ಬೇಸಿಗೆಯತ್ತ ಸಾಗುತ್ತಿತ್ತು.

ಜಗದ್ಗುರು 13ನೇ ಗ್ರೆಗೋರಿಯವರು ಈ ತಪ್ಪನ್ನು ಮುಚ್ಚಿಡಲಿಲ್ಲ, ಬಲ್ಲವರನ್ನು ಕರೆಸಿದರು. ಇಟಲಿಯ ವೈದ್ಯ ಅಲೋಶಿಯಸ್ ಲಿಲಿಯಸ್ ಹಾಕಿಕೊಟ್ಟ ಯೋಜನೆಯನ್ನು ಯೇಸುಸಭೆಯ ಗುರು, ಗಣಿತಜ್ಞ ಕ್ರಿಸ್ಟೋಫರ್ ಕ್ಲಾವಿಯಸ್ ಮೊದಲಾದವರು ಪರಿಶೀಲಿಸಿದರು. 1582ರ ಫೆಬ್ರವರಿ 24ರಂದು ಆಜ್ಞಾಪತ್ರ ಹೊರಟಿತು. ಅದರಂತೆ ಅಕ್ಟೋಬರ್ 4, ಗುರುವಾರದ ಮರುದಿನವೇ ಅಕ್ಟೋಬರ್ 15, ಶುಕ್ರವಾರವಾಯಿತು. ಮುಂದೆ ತಪ್ಪು ಮರುಕಳಿಸದಂತೆ, ಶತಮಾನದ ವರ್ಷಗಳಲ್ಲಿ 400ರಿಂದ ಭಾಗವಾಗುವವು ಮಾತ್ರ ಅಧಿಕ ವರ್ಷ ಎಂದು ಗೊತ್ತುಮಾಡಿದರು. ಆದ್ದರಿಂದ 2000 ಅಧಿಕ ವರ್ಷವಾಯಿತು. 1900 ಆಗಿರಲಿಲ್ಲ, 2100 ಆಗುವುದಿಲ್ಲ. ಇಂದು ಲೋಕದ ವ್ಯವಹಾರವೆಲ್ಲ ನಡೆಯುವುದು ಹಬ್ಬವೊಂದರ ಕಾಳಜಿಯಿಂದ ಹುಟ್ಟಿದ ಈ ಲೆಕ್ಕದ ಮೇಲೆ.

ಧರ್ಮಸಭೆ ವಿಜ್ಞಾನದ ವಿರೋಧಿ ಎಂದು ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಕೇಳಿ ಬರುತ್ತಾರೆ. 1633ರಲ್ಲಿ ಗೆಲಿಲಿಯೋ ಅವರಿಗೆ ಶಿಕ್ಷೆ ವಿಧಿಸಿದ್ದು ನಿಜ; ಆ ಪ್ರಕರಣದಲ್ಲಿ ತಪ್ಪಾಯಿತೆಂದು 1992ರಲ್ಲಿ ಜಗದ್ಗುರು 2ನೇ ಜಾನ್ ಪಾಲ್ ಒಪ್ಪಿಕೊಂಡದ್ದೂ ನಿಜ. ಲೆಕ್ಕ ತಪ್ಪಿದಾಗ ತಿದ್ದಿಕೊಳ್ಳುವುದು ವಿಜ್ಞಾನದ ದಾರಿ. ಪಶ್ಚಾತ್ತಾಪದ ದಾರಿಯೂ ಅದೇ.

ನಮ್ಮ ನೆರೆಯವರ ಪಂಚಾಂಗದಲ್ಲಿಯೂ ಇಂಥದೇ ತಿದ್ದುಪಡಿಯಿದೆ. ಹನ್ನೆರಡು ಚಾಂದ್ರಮಾನ ತಿಂಗಳಿಗೆ 354 ದಿನ ಮಾತ್ರ. ಉಳಿದ ದಿನಗಳನ್ನು ಕೂಡಿಸಿ, ಎರಡೂವರೆ ವರ್ಷ ದಾಟಿದ ಮೇಲೆ ಒಂದು ಅಧಿಕ ಮಾಸ ಸೇರಿಸುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಅವರ ಆಚರಣೆಯನ್ನು ನಾವು ಗೌರವಿಸೋಣ. ಆದರೆ ಅಧಿಕ ಮಾಸದ ಮದುವೆಗೆ, ಅಧಿಕ ದಿನದ ಹುಟ್ಟು ಸಾವಿಗೆ ನಾವು ಅಂಜಬೇಕಾಗಿಲ್ಲ. ದೇವರು ಮಾಡಿದ ದಿನಗಳಲ್ಲಿ ಕೆಟ್ಟ ದಿನವೆಂಬುದಿಲ್ಲ.

ಲೆಕ್ಕಕ್ಕೆ ಬಂದ ಪ್ರೇಷಿತ

ಇದಕ್ಕೂ ಸಂತ ಮತ್ತೀಯರಿಗೂ ಏನು ಸಂಬಂಧ? ಪ್ರಾಚೀನ ರೋಮನ್ನರು ಅಧಿಕ ದಿನವನ್ನು ಫೆಬ್ರವರಿಯ ಕೊನೆಗೆ ಸೇರಿಸುತ್ತಿರಲಿಲ್ಲ, 24ನೇ ದಿನವನ್ನೇ ಎರಡು ಬಾರಿ ಎಣಿಸುತ್ತಿದ್ದರು. ಮತ್ತೀಯರ ಹಬ್ಬ ಬರುತ್ತಿದ್ದುದು ಅದೇ ಫೆಬ್ರವರಿ 24ರಂದು. ಆದ್ದರಿಂದ ಅಧಿಕ ವರ್ಷದಲ್ಲಿ ಅವರ ಹಬ್ಬ 25ಕ್ಕೆ ಸರಿಯುತ್ತಿತ್ತು. 1969ರ ಪೂಜಾವಿಧಿಯ ಕ್ಯಾಲೆಂಡರ್ ಸುಧಾರಣೆಯಲ್ಲಿ ಅದು ಮೇ 14ಕ್ಕೆ ಬಂತು. ಗ್ರೆಗೋರಿಯವರ ಆಜ್ಞಾಪತ್ರ ಹೊರಟ ದಿನವೂ ಮತ್ತೀಯರ ಹಬ್ಬದ ದಿನವೇ.

ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯವನ್ನು ಮನೆಯಲ್ಲಿ ಓದಿ. ಯೂದನ ಸ್ಥಾನ ಬರಿದಾಗಿದೆ. ಸ್ನಾನಿಕ ಯೊವಾನ್ನರ ದಿನಗಳಿಂದ ಸ್ವರ್ಗಾರೋಹಣದವರೆಗೆ ಪ್ರಭು ಯೇಸುವಿನ ಜೊತೆಯಲ್ಲೇ ಇದ್ದವರೊಬ್ಬರು ಬೇಕು ಎನ್ನುತ್ತಾರೆ ಪೇತ್ರರು. ಚೀಟಿ ಹಾಕಿದಾಗ ಮತ್ತೀಯರ ಹೆಸರು ಬರುತ್ತದೆ. ಅಲ್ಲಿಯವರೆಗೆ ಶುಭಸಂದೇಶಗಳಲ್ಲಿ ಎಲ್ಲಿಯೂ ಅವರ ಹೆಸರಿಲ್ಲ. ಆದರೆ ಮೊದಲಿನಿಂದಲೂ ಅವರು ಇದ್ದರು, ನಡೆದರು, ಕೇಳಿದರು. ಯಾರೂ ಎಣಿಸಿರಲಿಲ್ಲ, ಅಷ್ಟೆ. ನಾಲ್ಕು ವರ್ಷ ಸದ್ದಿಲ್ಲದೆ ಕೂಡುವ ಗಂಟೆಗಳ ಹಾಗೆ ಅವರೂ ತಕ್ಕ ಕಾಲದಲ್ಲಿ ಲೆಕ್ಕಕ್ಕೆ ಬಂದರು.

ಕೊನೆಯದಾಗಿ ಆ ತಾಯಿಗೆ ನಾನು ಹೇಳಿದ ಒಂದು ಮಾತು. ಆವಿಲಾದ ಸಂತ ತೆರೇಸಾ ಪ್ರಾಣಬಿಟ್ಟದ್ದು 1582ರ ಅಕ್ಟೋಬರ್ 4ರ ರಾತ್ರಿ. ಮರುದಿನ ಅವರ ಸಮಾಧಿಯಾಯಿತು. ಆ ಮರುದಿನದ ತಾರೀಖು ಅಕ್ಟೋಬರ್ 15. ಇಂದಿಗೂ ಅವರ ಹಬ್ಬ 15ರಂದೇ. ನಡುವಿನ ಹತ್ತು ತಾರೀಖುಗಳು ಅಳಿಸಿಹೋದರೂ ದೇವರು ತೆರೇಸಾರನ್ನು ಮರೆಯಲಿಲ್ಲ. ತಲೆಗೂದಲನ್ನೂ ಎಣಿಸಿಟ್ಟಿರುವ ತಂದೆ ಒಬ್ಬ ರೈತನ ಕೊನೆಯ ದಿನವನ್ನು ಮರೆಯುವರೇ?

ಮೃತರಿಗಾಗಿ ಬಲಿಪೂಜೆಯನ್ನು ಬೇರೆ ದಿನವೂ ಅರ್ಪಿಸಬಹುದು, ತಾರೀಖಿನ ಕಟ್ಟುಪಾಡಿಲ್ಲ. ಆದರೂ ಆ ವರ್ಷದ ಪೂಜೆ ಮಾರ್ಚ್ 1, ಶನಿವಾರವೇ ನಡೆಯಿತು. ಒಳ್ಳೆಯದಲ್ಲ ಎಂದಿದ್ದ ನೆಂಟರೂ ಬಂದು ಮೊದಲ ಸಾಲಿನಲ್ಲಿ ಕುಳಿತಿದ್ದರು.

ಪ್ರಿಯರೇ, ನಮ್ಮ ಮನೆಗಳಲ್ಲಿ, ನಮ್ಮ ಧರ್ಮಕೇಂದ್ರಗಳಲ್ಲಿ ಯಾರೂ ಎಣಿಸದ ಮತ್ತೀಯರು ಇದ್ದಾರೆ. ಹಾಸಿಗೆ ಹಿಡಿದವರ ಪಕ್ಕದಲ್ಲಿ ರಾತ್ರಿಯೆಲ್ಲ ಕೂರುವವರು, ಪೂಜೆಗೆ ಮುಂಚೆ ಬಂದು ದೇವಾಲಯ ಗುಡಿಸಿ ಹೋಗುವವರು, ಗಂಡನನ್ನು ಕಳೆದುಕೊಂಡು ಒಬ್ಬರೇ ಮಕ್ಕಳನ್ನು ಸಾಕುವವರು. ಈ ಹಬ್ಬದಂದು ಅವರಲ್ಲಿ ಒಬ್ಬರನ್ನಾದರೂ ಹೆಸರು ಹಿಡಿದು ಮಾತನಾಡಿಸೋಣ. ನಮ್ಮ ದಿನಗಳನ್ನು ಸರಿಯಾಗಿ ಎಣಿಸುವ ವಿವೇಕವನ್ನು ಪ್ರಭು ನಮಗೆ ದಯಪಾಲಿಸಲಿ. ಆಮೆನ್.