ಮೈತೂಕವೂ ಕೆರೆಯ ತೂಬೂ

ಪಾಂಡವಪುರದ ಬಳಿ, ಗುಡ್ಡಗಳ ನಡುವೆ ಹರಡಿರುವ ತೊಣ್ಣೂರು ಕೆರೆಯನ್ನು ವಾಚಕರಲ್ಲಿ ಹಲವರು ನೋಡಿರಬಹುದು. ತಿಳಿನೀರಿನ ಈ ಕೆರೆಗೆ ಮೋತಿ ತಲಾಬು ಎಂಬ ಹೆಸರೂ ಉಂಟು. ಹಳ್ಳಗಳಿಂದ ಬರುವ ನೀರು ಹೊರಹೋಗುವ ನೀರಿಗಿಂತ ಹೆಚ್ಚಾದರೆ ಕೆರೆಯ ಮಟ್ಟ ಏರುವುದು, ಕಡಿಮೆಯಾದರೆ ಇಳಿಯುವುದು. ನಮ್ಮ ಮೈಯ ಕೊಬ್ಬೂ ಇಂಥದೇ ಒಂದು ಕೆರೆ. ಆಹಾರವೇ ಅದರ ಒಳಹರಿವು. ದುಡಿಮೆ, ಮೈಯ ಶಾಖ, ಅಂಗಾಂಗಗಳ ನಿರಂತರ ಚಲನೆ, ಇವು ಹೊರಹರಿವು. ಒಂದು ಕಿಲೋಗ್ರಾಂ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿಗಳಷ್ಟು ಶಕ್ತಿ ಅಡಗಿದೆ.

ನಾವು ಭೌತಶಾಸ್ತ್ರದಲ್ಲಿ ಕಲಿಯುವ ಶಕ್ತಿನಿತ್ಯತಾ ನಿಯಮವನ್ನು ಯಾವ ಔಷಧವೂ ಮೀರಲಾರದು. ತೂಕ ಇಳಿಸುವ ಮದ್ದಿಗೆ ಮುಖ್ಯವಾಗಿ ಎರಡು ಹಾದಿಗಳು: ತೂಬನ್ನು ಹಿಗ್ಗಿಸುವುದು, ಇಲ್ಲವೆ ಒಳಹರಿವನ್ನು ತಗ್ಗಿಸುವುದು.

ಮೊದಲ ಹಾದಿಯನ್ನು ಹಿಡಿದದ್ದು ಡೈನೈಟ್ರೊಫಿನಾಲ್. ಸ್ಫೋಟಕಗಳ ತಯಾರಿಕೆಯಲ್ಲಿ ಬಳಕೆಯಾಗಿದ್ದ ಈ ಹಳದಿ ವಸ್ತುವನ್ನು 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಬೊಜ್ಜಿನ ಚಿಕಿತ್ಸೆಗೆ ತಂದರು. ಜೀವಕೋಶಗಳ ಕೆಲಸಕ್ಕೆ ಒದಗಬೇಕಾದ ಶಕ್ತಿಯನ್ನು ಅದು ಬರಿಯ ಉಷ್ಣವಾಗಿ ಪೋಲುಮಾಡುತ್ತದೆ. ತೂಕವೇನೋ ಇಳಿಯಿತು, ಆದರೆ ಕೆಲವರು ಮೈ ಮಿತಿಮೀರಿ ಕಾದು ಸತ್ತರು, ಕೆಲವರ ಕಣ್ಣಿಗೆ ಪೊರೆ ಬಂದಿತು. 1938ರಲ್ಲಿ ಅಮೆರಿಕದ ಸರಕಾರ ಅದು ಮನುಷ್ಯರ ಸೇವನೆಗೆ ತಕ್ಕುದಲ್ಲವೆಂದು ಸಾರಿತು.

ಎರಡನೆಯ ಹಾದಿ ಹಸಿವನ್ನು ತಗ್ಗಿಸುವುದು. ಇದೂ ನಿರಪಾಯವಲ್ಲ. ಹೃದಯಕ್ಕೆ ಕೇಡೆಂದು ಕಂಡುಬಂದ ಸಿಬುಟ್ರಮಿನ್ ಎಂಬ ಔಷಧವನ್ನು ಭಾರತ ಸರಕಾರ 2011ರಲ್ಲಿ ನಿಷೇಧಿಸಿತು. ಈಚಿನ ಔಷಧಗಳು ದೇಹದ ಭಾಷೆಯನ್ನೇ ಅನುಕರಿಸುತ್ತವೆ. ಉಂಡೊಡನೆ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದು ‘ಸಾಕು’ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ರಕ್ತದಲ್ಲಿ ಅದರ ಅರ್ಧಾಯು ಸುಮಾರು ಎರಡೇ ನಿಮಿಷ. ಅದನ್ನು ಹೋಲುವ ಸೆಮಾಗ್ಲುಟೈಡಿನದು ಸುಮಾರು ಒಂದು ವಾರ. ಆದುದರಿಂದಲೇ ವಾರಕ್ಕೊಂದು ಚುಚ್ಚುಮದ್ದು ಸಾಕು. ಇದೇ ವರ್ಗದ ಲಿರಾಗ್ಲುಟೈಡನ್ನು ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ತಯಾರಿಸಿ, 2024ರಲ್ಲಿ ಬ್ರಿಟನ್ನಿನ ಅನುಮತಿ ಪಡೆಯಿತು.

2021ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇಕಡ 14.9ರಷ್ಟು ಇಳಿಯಿತು, ಹುಸಿಮದ್ದು ಪಡೆದವರದು ಶೇಕಡ 2.4 ಮಾತ್ರ. ಆದರೆ ಮದ್ದನ್ನು ನಿಲ್ಲಿಸಿದ ಮೇಲೆ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತು. ತೂಕ ತಗ್ಗಿದಾಗ ಹಸಿವು ಕೆರಳುವುದು ದೇಹಧರ್ಮ; ಅದು ಸೋಮಾರಿತನವಲ್ಲ. ಹಳ್ಳ ಮತ್ತೆ ಹರಿದರೆ ಕೆರೆ ತುಂಬದಿದ್ದೀತೆ?

ಈ ಮದ್ದುಗಳಿಂದ ವಾಕರಿಕೆ, ವಾಂತಿ ಸಾಮಾನ್ಯ. ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ವಿರಳವಾಗಿ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಸಿಕ್ಕುವುದುಂಟು. ಬೊಜ್ಜಿನಿಂದ ರೋಗಕ್ಕೀಡಾದವರಿಗೆ ಇವು ವರವೇ ಸರಿ. ಆದರೆ ಭಾವಚಿತ್ರದಲ್ಲಿ ತೆಳ್ಳಗೆ ಕಾಣಬೇಕೆಂಬ ತರುಣರು ವೈದ್ಯರ ಚೀಟಿಯಿಲ್ಲದೆ ಇವನ್ನು ಮುಟ್ಟತಕ್ಕುದಲ್ಲ. ಕೆರೆಯ ಆಳವನ್ನು ಅರಿಯದೆ ತೂಬಿಗೆ ಕೈಹಾಕುವುದು ವಿವೇಕವೆ?