ಓಡುವಾಗ ಗಟ್ಟಿ, ನಿಂತರೆ ನಡುಕ

ಬೀರೂರಿನ ಓದುಗರೊಬ್ಬರು ಕೇಳಿದ್ದಾರೆ: “ಅಜ್ಜನ ಕಾಲದ ಅಂಬಾಸಿಡರ್ ಮಾರ್ಕ್ 2 ಇದೆ. ತರೀಕೆರೆ ಕಡೆ ಹೊರಟರೆ ಸೊಗಸಾಗಿ ಓಡುತ್ತದೆ. ರೈಲ್ವೆ ಗೇಟ್ ಬಿದ್ದು ನಿಂತರೆ ಮಾತ್ರ ಗಡಗಡ ನಡುಗಿ, ಒಮ್ಮೊಮ್ಮೆ ಆಫ್ ಆಗುತ್ತದೆ. ಕೆಮ್ಮಣ್ಣುಗುಂಡಿ ಮೇಲೆ ನಡುಕ ಸ್ವಲ್ಪ ಕಡಿಮೆ. ಎಲ್ಲಾ ಈ ಎಥೆನಾಲ್ ಪೆಟ್ರೋಲಿನ ಕಾಟವೇ?”

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟರು. ಅಲ್ಲಿಂದೀಚೆಗೆ ಹಳೇ ಗಾಡಿ ಕೆಮ್ಮಿದರೂ ಸೀನಿದರೂ ಅದರ ಮೇಲೇ ದೂರು. ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಈ ಕಾರಿನ ವಿಷಯದಲ್ಲಿ ನನಗೆ ಅನುಮಾನ ಬೇರೆ ಕಡೆಗಿದೆ. ಅದಕ್ಕೆ ಸುಳಿವು ಇವರ ಪತ್ರದಲ್ಲೇ ಇದೆ.

ಮೊದಲು ಈ ಎಂಜಿನ್ನಿನ ಕುಲಗೋತ್ರ. ಬಿಳಿ ಬಣ್ಣ ಬಳಿದು ಕೆಂಪು ದೀಪ ಹೊತ್ತು ತಿರುಗಿದ ಅಂಬಾಸಿಡರನ್ನು ಸ್ಪೋರ್ಟ್ಸ್ ಕಾರೆಂದು ಯಾರೂ ಕರೆಯುವುದಿಲ್ಲ. ಆದರೆ 1959ರಿಂದ ಅದರ ಬಾನೆಟ್ಟಿನ ಕೆಳಗೆ ಕೂತದ್ದು ಬ್ರಿಟನ್ನಿನ 1489 ಸಿಸಿ ಬಿ-ಸೀರೀಸ್ ಎಂಜಿನ್. 1955ರಲ್ಲಿ ಬಂದ ಎಂಜಿಎ ಎಂಬ ಎರಡು ಸೀಟಿನ ಚೆಲುವೆಗೂ ಇದೇ ಎಂಜಿನ್. ಅವಳಿಗೆ ಎರಡು ಎಸ್‌ಯು ಕಾರ್ಬುರೇಟರ್, ನಮ್ಮದಕ್ಕೆ ಒಂದು. ಹಾಗಾಗಿ ಎಂಜಿಎ ಒಡೆಯರು ಗ್ಯಾರೇಜಿನಲ್ಲಿ ಪಡುವ ಪಾಡೂ ಬೀರೂರಿನ ಪಾಡೂ ಬಹುಪಾಲು ಒಂದೇ.

ಐಡ್ಲಿಂಗಿನಲ್ಲೇ ಯಾಕೆ ನಡುಕ? ಊರ ಹಬ್ಬಗಳಲ್ಲಿ ನಿಧಾನ ಸೈಕಲ್ ಸ್ಪರ್ಧೆ ನೋಡಿದ್ದೀರಲ್ಲ, ಕೊನೆಗೆ ಬಂದವನೇ ಗೆದ್ದವನು. ಜೋರಾಗಿ ತುಳಿಯುವಾಗ ಓರೆಯಾದ ರಿಮ್ಮು, ಸಡಿಲ ಬೇರಿಂಗು, ಸವಾರನ ಅಳುಕು ಎಲ್ಲವೂ ವೇಗದಲ್ಲಿ ಮುಚ್ಚಿಹೋಗುತ್ತವೆ. ನಿಂತೂ ನಿಲ್ಲದ ಹಾಗೆ ಸಾಗುವಾಗ ಒಂದೊಂದು ದೋಷವೂ ಹ್ಯಾಂಡಲ್ ಎಳೆದು ಕಾಲು ಊರಿಸುತ್ತದೆ. ಎಂಜಿನ್ನಿನ ಐಡ್ಲಿಂಗ್ ಅಂಥ ಸ್ಪರ್ಧೆ. ನಿಮಿಷಕ್ಕೆ 800 ಸುತ್ತು ಅಂದರೆ ನಾಲ್ಕು ಸಿಲಿಂಡರಿಗೆ ಒಟ್ಟು 1,600 ಸ್ಫೋಟ. ಒಂದು ಸಿಲಿಂಡರ್ ಮಿಸ್ ಹೊಡೆದರೆ ಅದರಲ್ಲಿ 400 ಖೋತಾ. ಹೈವೇಯಲ್ಲಿ ಅದನ್ನು ಗಾಡಿಯ ಓಟವೇ ನುಂಗಿಕೊಳ್ಳುತ್ತದೆ. ನಿಂತಾಗ ಸ್ಟೇರಿಂಗ್ ಹಿಡಿದ ಕೈಗೆ ತಾಕುತ್ತದೆ. ಸಾಲದ್ದಕ್ಕೆ, ಆಗ ಒಳಗೆ ಹೋಗುವುದೇ ಚಿಟಿಕೆಯಷ್ಟು ಗಾಳಿ, ಚಿಟಿಕೆಯಷ್ಟು ಪೆಟ್ರೋಲು.

ಆ ಚಿಟಿಕೆಯ ಲೆಕ್ಕ ಇಡುವುದು ಕಾರ್ಬುರೇಟರ್. ಪೆಟ್ರೋಲನ್ನು ತುಂತುರಾಗಿಸುವ ಕಾರ್ಬುರೇಟರಿಗೆ 1893ರ ಫೆಬ್ರವರಿಯಲ್ಲಿ ಬುಡಾಪೆಸ್ಟಿನ ಬಾಂಕಿ ಮತ್ತು ಚೊಂಕಾ ಪೇಟೆಂಟ್ ಕೇಳಿದರು. ಹೂ ಮಾರುವ ಹುಡುಗಿ ಬಾಯಿಂದ ಊದಿ ಹೂವಿಗೆ ನೀರು ಸಿಂಪಡಿಸುವುದನ್ನು ಕಂಡು ಇದು ಹೊಳೆಯಿತು ಅನ್ನುವುದು ಅಲ್ಲಿನ ದಂತಕಥೆ. ಕೆಲವೇ ತಿಂಗಳಲ್ಲಿ ಜರ್ಮನಿಯ ಮೈಬಾಖ್ ಕೂಡ ಅಂಥದ್ದನ್ನೇ ತಂದ; ಬಹಳ ಪುಸ್ತಕಗಳಲ್ಲಿ ಹೆಸರು ಅವನದ್ದೇ. ನನಗೆ ಇಷ್ಟವಾದವನು ಮೂರನೆಯವನು, ಜಾರ್ಜ್ ಹರ್ಬರ್ಟ್ ಸ್ಕಿನ್ನರ್. ಲಂಡನ್ನಿನ ಪಾದರಕ್ಷೆ ವ್ಯಾಪಾರದ ಮನೆಯ ಮಗ. 1905ರ ಹೊತ್ತಿಗೆ ಅವನು ಮಾಡಿದ ಕಾರ್ಬುರೇಟರಿನೊಳಗೆ ಇದ್ದದ್ದು ಚರ್ಮದ ತಿದಿ! ಚಪ್ಪಲಿ ಮಳಿಗೆಯವರಿಗೆ ಚರ್ಮ ಕೈಗೆ ಸಿಗುವ ಸರಕು ತಾನೇ. ಎಂಜಿನ್ ಎಷ್ಟು ಗಾಳಿ ಎಳೆಯುತ್ತದೋ ಅಷ್ಟಕ್ಕೆ ತಿದಿ ಏರಿ, ಗಾಳಿಯ ದಾರಿ ಅಗಲವಾಗುತ್ತದೆ. ಜೊತೆಗೇ ಮೊನಚು ಸೂಜಿಯೊಂದು ಮೇಲೆದ್ದು ಪೆಟ್ರೋಲಿನ ರಂಧ್ರವಾದ ಜೆಟ್ಟನ್ನೂ ಅಷ್ಟಷ್ಟೇ ತೆರೆಯುತ್ತದೆ. ಮುಂದೆ ತಿದಿ ಹೋಗಿ ಲೋಹದ ಪಿಸ್ಟನ್ ಬಂತು. ಸ್ಕಿನ್ನರ್ ಸೋದರರ ‘ಸ್ಕಿನ್ನರ್ಸ್ ಯೂನಿಯನ್’ ಚುಟುಕಾಗಿ ಎಸ್‌ಯು ಆಯಿತು. 1926ರಲ್ಲಿ ಬ್ರಿಟನ್ನಿನ ಕಾರು ತಯಾರಕ ಮಾರಿಸ್ ಅದನ್ನು ಕೊಂಡ. ಅದೇ ಮಾರಿಸ್ ಹೆಸರಿನ ಆಕ್ಸ್‌ಫರ್ಡ್ ಕಾರೇ ನಮ್ಮಲ್ಲಿ ಅಂಬಾಸಿಡರ್.

ಇಷ್ಟು ಹೇಳಿದೆನೆಂದು ಸೀದಾ ಕಾರ್ಬುರೇಟರ್ ಬಿಚ್ಚಲು ಹೋಗಬೇಡಿ. ಮೊದಲು ಕಿಡಿಯ ಕಡೆ ನೋಡಿ. ಇನ್ಸುಲೇಷನ್ ಇರುವ ಪ್ಲೈಯರ್ ಹಿಡಿದು ಒಂದೊಂದೇ ಪ್ಲಗ್ ವೈರ್ ತೆಗೆದು ನೋಡಿ. ಯಾವುದನ್ನು ತೆಗೆದಾಗ ಸದ್ದು ಬದಲಾಗಲಿಲ್ಲವೋ ಆ ಸಿಲಿಂಡರ್ ಮೊದಲೇ ಮಲಗಿದೆ. ಸಿ.ಬಿ. ಪಾಯಿಂಟ್ ಗ್ಯಾಪ್ 15 ಥೌ, ಅಂದರೆ 0.38 ಮಿ.ಮೀ. ಇರಬೇಕು. ಪ್ಲಗ್ಗಿನದು 25 ಥೌ. ಫೀಲರ್ ಗೇಜ್ ಇಲ್ಲದ ಮೇಸ್ತ್ರಿಗಳು ಹ್ಯಾಕ್ಸಾ ಬ್ಲೇಡಿನ ಬೆನ್ನು ತೂರಿಸಿ ಪ್ಲಗ್ ಗ್ಯಾಪ್ ನೋಡುವುದುಂಟು. ಬ್ಲೇಡಿನ ದಪ್ಪ 0.63 ಮಿ.ಮೀ., ಅಂದರೆ ಸರಿಸುಮಾರು 25 ಥೌವೇ! ಕಂಡೆನ್ಸರ್, ಟೈಮಿಂಗ್, ಟ್ಯಾಪೆಟ್ ಇವೂ ಸರಿಯಿದ್ದ ಮೇಲೇ ಮಿಶ್ರಣದ ಮಾತು.

ಈಗ ಸುಳಿವಿಗೆ ಬರೋಣ. ಬೀರೂರಿಗಿಂತ ಕೆಮ್ಮಣ್ಣುಗುಂಡಿ ಸುಮಾರು 650 ಮೀಟರ್ ಎತ್ತರ. ಮೇಲೆ ಗಾಳಿ ತೆಳು, ಆದರೆ ಕಾರ್ಬುರೇಟರಿಗೆ ಅದು ತಿಳಿಯುವುದಿಲ್ಲ. ಮಿಶ್ರಣ ಶೇ 3ರಷ್ಟು ರಿಚ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚು. ರಿಚ್ ಆದಾಗ ನಡುಕ ಇಳಿದರೆ, ಕೆಳಗೆ ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಇತ್ತೆಂದೇ ಅರ್ಥ.

ಲೀನ್ ಮಾಡಿದವರು ಯಾರು? ಎಥೆನಾಲ್ ಮಾಡಬಲ್ಲದು. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು. ತನ್ನೊಳಗೇ ಆಮ್ಲಜನಕ ಇಟ್ಟುಕೊಂಡ ಎಥೆನಾಲಿಗೆ 9 ಕಿಲೋ ಸಾಕು. ಶೇ 20 ಬೆರೆತರೆ ಹಳೇ ಸೆಟ್ಟಿಂಗ್ ಶೇ ಏಳೆಂಟರಷ್ಟು ಲೀನ್ ಆಗುತ್ತದೆ. ಆದರೆ ಅದು ಐಡ್ಲಿಂಗ್, ಹೈವೇ ಎಂದು ಭೇದ ಮಾಡುವುದಿಲ್ಲ. ಎಲ್ಲೆಡೆ ಅಷ್ಟೇ ಲೀನ್. ತರೀಕೆರೆ ರಸ್ತೆಯಲ್ಲೂ ಎಳೆತ ಕುಂದಬೇಕಿತ್ತು. ಬರೀ ನಿಂತಾಗ ಕಾಡುವುದು ಕಳ್ಳಗಾಳಿ. ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡ್ ಒಳಗಿನ ನಿರ್ವಾತ ಜೋರಾಗಿರುತ್ತದೆ, ಕೂದಲೆಳೆ ಸಂದಿಯಿಂದಲೂ ಗಾಳಿ ಹೀರುತ್ತದೆ. ಆಕ್ಸಿಲರೇಟರ್ ಒತ್ತಿದರೆ ನಿರ್ವಾತ ತಗ್ಗಿ, ನುಗ್ಗುವ ಗಾಳಿಯಲ್ಲಿ ಆ ಕಳ್ಳಗಾಳಿ ಲೆಕ್ಕಕ್ಕೇ ಇಲ್ಲ.

ಹಳೇ ಎಸ್‌ಯುನಲ್ಲಿ ಇದರ ಹೆಬ್ಬಾಗಿಲು ಥ್ರಾಟಲ್ ಸ್ಪಿಂಡಲ್. ದಶಕಗಟ್ಟಲೆ ತಿರುಗಿ ಸವೆದಿರುತ್ತದೆ. ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಕಟಕಟ ಎನ್ನುತ್ತದೆ. ಎರಡೂ ತುದಿಗೆ ದಪ್ಪ ಗ್ರೀಸ್ ಮೆತ್ತಿ ಸ್ಟಾರ್ಟ್ ಮಾಡಿ. ನಡುಕ ಇಳಿದರೆ ಅದೇ ಅಪರಾಧಿ. (ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಎರಚಿ ಪರೀಕ್ಷಿಸುವ ಶೂರರಿದ್ದಾರೆ, ಅವರ ಹತ್ತಿರ ನಿಲ್ಲಬೇಡಿ.) ಲೇತ್ ಅಂಗಡಿಯಲ್ಲಿ ಬುಷ್ ಹಾಕಿಸಿ, ಹೊಸ ಸ್ಪಿಂಡಲ್ ಕೂರಿಸಿದರೆ ಮುಗಿಯಿತು. ಅಲ್ಲಿ ಸಿಗದಿದ್ದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ. ಈ ಎಂಜಿನ್ನಿನಲ್ಲಿ 1–2 ಸಿಲಿಂಡರಿಗೆ ಒಂದು, 3–4ಕ್ಕೆ ಒಂದು ಗಾಳಿದಾರಿ. ಅಕ್ಕಪಕ್ಕದ ಜೋಡಿ ಒಟ್ಟಿಗೆ ಸೊರಗಿದರೆ ಸೋರಿಕೆ ಅಲ್ಲೇ.

ಎಥೆನಾಲಿನ ಬಾಕಿ ಚುಕ್ತಾ ಮಾಡುವುದು ಇದಾದ ಮೇಲೆ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಕಾರ್ಬುರೇಟರ್ ಪಕ್ಕದ ಪುಟ್ಟ ಪಿನ್ನನ್ನು ಮೆಲ್ಲಗೆ ಒತ್ತಿ, ಒಳಗಿನ ಪಿಸ್ಟನ್ ಒಂದು ಮಿಲಿಮೀಟರಿಗಿಂತ ಕಡಿಮೆ ಏಳುವಷ್ಟೇ ಎತ್ತಿ. ವೇಗ ಏರಿ ಹಾಗೇ ಉಳಿದರೆ ರಿಚ್. ಎಂಜಿನ್ ಉಸಿರು ನಿಲ್ಲಿಸಿದರೆ ಲೀನ್. ತುಸು ಏರಿ ಕೂಡಲೇ ಮೊದಲಿನಂತಾದರೆ ಸರಿ. ಲೀನ್ ಇದ್ದರೆ ಜೆಟ್ಟಿನ ಆರು ಮೂಲೆ ನಟ್ಟನ್ನು ಜೆಟ್ ಕೆಳಗಿಳಿಯುವ ಹಾಗೆ ಒಂದು ಮುಖದಷ್ಟೇ ತಿರುಗಿಸಿ, ಮತ್ತೆ ಪಿನ್ ಎತ್ತಿ ನೋಡಿ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಹಳೇ ರಬ್ಬರಿನದಾದರೆ ಎಥೆನಾಲ್ ತಡೆಯುವಂಥದ್ದನ್ನು ಕೇಳಿ ತಂದು ಹಾಕಿಸಿ. ಅದು ಐಡ್ಲಿಂಗಿಗಲ್ಲ, ಸೋರಿ ಬೆಂಕಿ ಹತ್ತದಿರಲಿ ಎಂದು.